ಮೀನುಮರಿಗಳನ್ನು ದೊಡ್ಡ ನೀರಿಗೆ ಬಿಡುವ ಕ್ರಮವೂ ಒಡನಾಡಿ ಮೀನುಗಳ ಆಯ್ಕೆಯೂ

(ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ರೈತರಿಗಾಗಿ)

ಬೆಳೆಯುವ ಜೀವಕ್ಕೆ ಎಡೆ ಬೇಕು. ಒಟ್ಲುಪಾತಿಯಲ್ಲಿ ಒತ್ತಾಗಿ ಎದ್ದ ಭತ್ತದ ಪೈರನ್ನು ಕಾಲಕ್ಕೆ ಸರಿಯಾಗಿ ಕಿತ್ತು ನಾಟಿಮಾಡದಿದ್ದರೆ ತೆನೆ ಕಟ್ಟದೆಂಬುದನ್ನು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಪೈರನ್ನು ಕೀಳುವಾಗ ಬೇರು ಹರಿಯದಂತೆಯೂ, ನಾಟಿಯಾಗುವವರೆಗೆ ಅದು ಒಣಗದಂತೆಯೂ ನೋಡಿಕೊಳ್ಳಬೇಕೆಂಬುದನ್ನು ಅವನು ಬಲ್ಲನು. ಮೀನುಮರಿಗಳಿಗೂ ಇದೇ ನಿಯಮವು ಅನ್ವಯಿಸುವುದು. ಚಿಕ್ಕ ಕೊಳದಲ್ಲಿ ಸಾಕಿದ ಮರಿಯನ್ನು ಒಂದು ಹಂತದಲ್ಲಿ ದೊಡ್ಡ ನೀರಿಗೆ ಬಿಡಲೇಬೇಕು. ಇಲ್ಲವಾದರೆ ಅದರ ಬೆಳವಣಿಗೆಯು ಕುಂಠಿತವಾಗುವುದು.

ಆದರೆ ದೊಡ್ಡ ನೀರು ದೊರೆತಮಾತ್ರಕ್ಕೆ ಮೀನು ಬೆಳೆಯುವುದೆಂಬ ನಂಬಿಕೆಯು ಸರಿಯಲ್ಲ. ಸಾವಿರ ಮರಿಗಳನ್ನು ಕೊಂಡುತಂದು ಕೆರೆಗೆ ಸುರಿದ ರೈತನು, ವರ್ಷದ ಕೊನೆಯಲ್ಲಿ ಬಲೆ ಹಾಕಿದಾಗ ಅವುಗಳಲ್ಲಿ ಅಲ್ಪಭಾಗವನ್ನು ಮಾತ್ರ ಕಂಡು, ಮರಿಯೇ ಕೆಟ್ಟದ್ದೆಂದೋ ಕಳ್ಳರು ಹಿಡಿದರೆಂದೋ ಹೇಳಿಕೊಳ್ಳುವುದುಂಟು. ಎಷ್ಟೋ ಸಲ ನಿಜವಾದ ನಷ್ಟವು ಮರಿಗಳನ್ನು ಬಿಟ್ಟ ಮೊದಲ ದಿನದಲ್ಲಿಯೋ ಮೊದಲ ವಾರದಲ್ಲಿಯೋ ಆಗಿಹೋಗಿರುತ್ತದೆ. ಆ ನಷ್ಟಕ್ಕೆ ಮುಖ್ಯವಾದ ಕಾರಣಗಳು ಎರಡು: ಒಂದು, ನೀರು ಬದಲಿಸುವಾಗಿನ ಆತುರ, ಇನ್ನೊಂದು, ಕೂಡದ ಒಡನಾಟ. ಈ ಎರಡನ್ನೂ ತಪ್ಪಿಸುವ ಬಗೆಯೇ ಈ ಪಾಠದ ವಿಷಯ.

೧. ಈ ಸೀಮೆಯ ನೀರು

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ತುಮಕೂರು ಸೀಮೆಯಿಂದ ಹೊರಟು, ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ದೊಡ್ಡ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುವುದು. ಇದರ ಅಕ್ಕಪಕ್ಕದಲ್ಲಿ, ಜನಪದ ಗೀತದಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆ, ಗುಬ್ಬಿಯ ಕೆರೆ, ತುಮಕೂರು ನಗರದ ಅಮಾನಿಕೆರೆ ಮೊದಲಾದ ದೊಡ್ಡ ಕೆರೆಗಳೂ ಲೆಕ್ಕವಿಲ್ಲದಷ್ಟು ಊರ ಕೆರೆಗಳೂ ಇವೆ. ಹೇಮಾವತಿ ನಾಲೆಯ ನೀರು ಈ ಭಾಗಕ್ಕೆ ಬಂದ ಮೇಲೆ ಹಲವು ಕೆರೆಗಳು ಮಳೆಯನ್ನೇ ನಂಬಿಕೊಂಡಿರುವ ಸ್ಥಿತಿಯು ತಪ್ಪಿದೆ. ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿ ಹೊಂಡಗಳೂ ಎದ್ದಿವೆ.

ಮೀನು ಸಾಕುವವನು ಮೊದಲು ನೋಡತಕ್ಕದ್ದು ನೀರಿನ ಅಗಲವನ್ನಲ್ಲ, ನೀರಿನ ಆಯುಸ್ಸನ್ನು. ಈ ಜಿಲ್ಲೆಯಲ್ಲಿ ಹೆಚ್ಚಿನ ಮಳೆಯು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವುದು. ಆಗ ತುಂಬಿದ ಊರ ಕೆರೆಯು ಬೇಸಗೆಯ ಹೊತ್ತಿಗೆ ಅಂಗಳ ಬಿಡುವುದಾದರೆ, ಮೀನಿಗೆ ದೊರೆಯುವುದು ಆರೇಳು ತಿಂಗಳು ಮಾತ್ರ. ಅಂಥ ನೀರಿಗೆ ಸಣ್ಣ ಮರಿಗಳನ್ನು ಬಿಟ್ಟರೆ ಅವು ಮಾರುವ ಗಾತ್ರಕ್ಕೆ ಬರುವ ಮೊದಲೇ ನೀರು ಮುಗಿದುಹೋಗುವುದು. ಆದಕಾರಣ ನೀರಿನ ಆಯುಸ್ಸು ಕಡಮೆಯಿದ್ದಷ್ಟೂ ಬಿಡುವ ಮರಿಯು ದೊಡ್ಡದಾಗಿರಬೇಕು. ಕೆರೆಗೆ ಬಿಡುವವರು ಅದರಲ್ಲಿ ಮೀನು ಹಿಡಿಯುವ ಹಕ್ಕು ಯಾರದೆಂಬುದನ್ನೂ ಮೊದಲೇ ತಿಳಿದುಕೊಳ್ಳುವುದು ಅವಶ್ಯ.

೨. ಯಾವ ಮರಿಯು ದೊಡ್ಡ ನೀರಿಗೆ ತಕ್ಕದ್ದು?

ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ದೊಡ್ಡ ಗೆಂಡೆಗಳು ಗಂಗಾ ಮೊದಲಾದ ಉತ್ತರದ ನದಿಗಳ ಮೀನುಗಳು. ಇವು ಹರಿಯುವ ನೀರಿನಲ್ಲಿ ಮಳೆಗಾಲದ ಪ್ರವಾಹ ಬಂದಾಗ ಮೊಟ್ಟೆಯಿಡುವುವೇ ಹೊರತು ನಿಂತ ಕೆರೆಯಲ್ಲಿ ಸಂತಾನ ಬೆಳೆಸುವುದಿಲ್ಲ. ಹಿಂದೆ ಇವುಗಳ ಮರಿಗಳನ್ನು ನದಿಗಳಿಂದಲೇ ಹಿಡಿದು ಮಡಕೆಗಳಲ್ಲಿ ತುಂಬಿ ದೂರದೂರಕ್ಕೆ ಸಾಗಿಸಬೇಕಾಗಿತ್ತು. ೧೯೫೭ನೆಯ ಜುಲೈ ೧೦ರಂದು ಹೀರಾಲಾಲ್ ಚೌಧುರಿಯವರು ಒರಿಸ್ಸಾ ಪ್ರಾಂತದಲ್ಲಿ ಚೋದಕ ಚುಚ್ಚುಮದ್ದಿನಿಂದ ಗೆಂಡೆಗಳನ್ನು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿ ಯಶಸ್ವಿಯಾದರು. ಆ ದಿನವನ್ನು ಇಂದಿಗೂ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಈಗ ಮರಿಯು ಕೇಂದ್ರಗಳಲ್ಲಿ ದೊರೆಯುತ್ತದೆಯಾದರೂ ಈ ಮೂರು ಜಾತಿಗಳನ್ನು ವರ್ಷವರ್ಷವೂ ಹೊಸದಾಗಿ ಬಿತ್ತಬೇಕಾದುದು ತಪ್ಪಿಲ್ಲ.

ಮೊಟ್ಟೆಯೊಡೆದು ಹೊರಬಂದ ಮರಿಯು ಮೂರು ನಾಲ್ಕು ದಿನಗಳಲ್ಲಿ ಅಕ್ಕಿಕಾಳಿನಷ್ಟಾಗುವುದು. ಪಾಲನಾ ಕೊಳದಲ್ಲಿ ಹದಿನೈದಿಪ್ಪತ್ತು ದಿನ ಸಾಕಿದರೆ ಸುಮಾರು ೨೫ ಮಿಲಿಮೀಟರು ಉದ್ದಕ್ಕೆ ಬರುವುದು. ಇನ್ನೂ ಎರಡು ಮೂರು ತಿಂಗಳು ಸಾಕಿದರೆ ಬೆರಳುದ್ದವಾಗಿ ೮೦ರಿಂದ ೧೦೦ ಮಿಲಿಮೀಟರು ಆಗುವುದು. ಕೆರೆಗೆ ಬಿಡತಕ್ಕದ್ದು ಈ ಬೆರಳುದ್ದದ ಮರಿಯನ್ನೇ. ಅಕ್ಕಿಕಾಳಿನಷ್ಟಿರುವ ಮರಿಯು ಅಗ್ಗವೆಂದು ಕೆರೆಗೆ ಸುರಿಯುವವನು ಕೆರೆಯ ನೀರುಹುಳುಗಳಿಗೂ ಕಪ್ಪೆಗಳಿಗೂ ಊಟವಿಕ್ಕಿದಂತಾಗುವುದು.

೩. ಸಾಗಿಸುವ ಮುನ್ನ

ಹೊಟ್ಟೆ ತುಂಬಿದ ಮರಿಯನ್ನು ಸಾಗಿಸಕೂಡದು. ದಾರಿಯಲ್ಲಿ ಅದು ಹಾಕುವ ಮಲವು ಚೀಲದ ನೀರನ್ನು ಕೆಡಿಸಿ ಅಮೋನಿಯವನ್ನು ಹೆಚ್ಚಿಸುವುದು. ಅದಕ್ಕಾಗಿ ಮರಿಗಳನ್ನು ಹಿಡಿದು, ಕೊಳದಲ್ಲಿಯೇ ಕಟ್ಟಿದ ಬಟ್ಟೆಬಲೆಯೊಳಗೆ ಕೆಲವು ಗಂಟೆಗಳ ಕಾಲ, ದಾರಿ ದೂರವಿದ್ದರೆ ಒಂದು ರಾತ್ರಿ, ಆಹಾರ ಕೊಡದೆ ಇರಿಸುವುದು ವಾಡಿಕೆ. ಇದರಿಂದ ಅವುಗಳ ಹೊಟ್ಟೆ ಬರಿದಾಗುವುದಲ್ಲದೆ ಇಕ್ಕಟ್ಟಿನಲ್ಲಿರುವ ಅಭ್ಯಾಸವೂ ಆಗುವುದು. ದುರ್ಬಲವಾದ ಮರಿಗಳು ಅಲ್ಲಿಯೇ ಬೇರ್ಪಡುವುದರಿಂದ ಕೊಳ್ಳುವವನು ಅವುಗಳಿಗೆ ಹಣ ತೆರಬೇಕಾಗುವುದಿಲ್ಲ. ಮರಿಗಳನ್ನು ಕೊಳ್ಳುವಾಗ ಈ ಕ್ರಮವು ನಡೆದಿದೆಯೇ ಎಂದು ಕೇಳಿ ತಿಳಿಯುವುದು ರೈತನ ಹಕ್ಕು.

ಪಾಲಿಥೀನ್ ಚೀಲದ ಮೂರನೆಯ ಒಂದು ಭಾಗಕ್ಕೆ ನೀರನ್ನೂ ಉಳಿದ ಭಾಗಕ್ಕೆ ಪ್ರಾಣವಾಯುವನ್ನೂ ತುಂಬಿ ಬಾಯಿ ಕಟ್ಟುವರು. ಚೀಲಕ್ಕೆ ಬಿಸಿಲು ತಾಕಬಾರದು. ಒದ್ದೆ ಗೋಣಿಯಿಂದ ಮುಚ್ಚಿ, ತಂಪು ಹೊತ್ತಿನಲ್ಲಿ ಸಾಗಿಸಬೇಕು.

೪. ನೀರಿನಿಂದ ನೀರಿಗೆ

ಮರಿಗಳನ್ನು ಬಿಡಲು ಬೆಳಗಿನ ತಂಪೂ ಸಂಜೆಯ ತಂಪೂ ತಕ್ಕ ಸಮಯಗಳು. ನಡುಹಗಲಿನಲ್ಲಿ ಕೆರೆಯ ಮೇಲ್ನೀರು ಕಾದಿರುವುದು. ಚೀಲದ ನೀರಿಗೂ ಕೆರೆಯ ನೀರಿಗೂ ಶಾಖದಲ್ಲಿ ಹೆಚ್ಚು ಅಂತರವಿರುವುದು. ಮೀನು ತನ್ನ ಮೈಯ ಶಾಖವನ್ನು ತಾನೇ ಕಾಯ್ದುಕೊಳ್ಳುವ ಪ್ರಾಣಿಯಲ್ಲ. ನೀರಿನ ಶಾಖವೇ ಅದರ ಮೈಯ ಶಾಖವಾದುದರಿಂದ ಒಂದೇ ಕ್ಷಣದಲ್ಲಿ ಆಗುವ ಬದಲಾವಣೆಯನ್ನು ಅದು ತಾಳಲಾರದು.

ಕ್ರಮವು ಹೀಗಿರಬೇಕು. ಮೊದಲು ಚೀಲವನ್ನು ಬಾಯಿ ಬಿಚ್ಚದೆ ಕೆರೆಯ ನೀರಿನ ಮೇಲೆ ೧೫ರಿಂದ ೨೦ ನಿಮಿಷ ತೇಲಬಿಡಬೇಕು. ಎರಡು ನೀರುಗಳೂ ಕೈಗೆ ಒಂದೇ ಸಮನಾಗಿ ತೋರಿದಾಗ ಬಾಯಿ ಬಿಚ್ಚಿ, ಕೆರೆಯ ನೀರನ್ನು ಬೊಗಸೆ ಬೊಗಸೆಯಾಗಿ ಚೀಲದೊಳಕ್ಕೆ ಬೆರೆಸಬೇಕು. ಕೊನೆಗೆ ಚೀಲವನ್ನು ನೀರಿನಲ್ಲಿ ಓರೆಮಾಡಿ ಹಿಡಿದರೆ ಮರಿಗಳು ತಾವಾಗಿಯೇ ಈಜಿ ಹೊರಹೋಗುವುವು. ಅವನ್ನು ಎತ್ತರದಿಂದ ಸುರಿಯಕೂಡದು.

ಬಾಯಿ ಬಿಚ್ಚಿದ ಚೀಲವನ್ನು ದಡದ ಮೇಲೆ ಇಟ್ಟು ಬೇರೆ ಕೆಲಸಕ್ಕೆ ಹೋಗುವುದು ದೊಡ್ಡ ತಪ್ಪು. ಮುಚ್ಚಿದ ಚೀಲದಲ್ಲಿ ಮರಿಗಳ ಉಸಿರಿನಿಂದ ಇಂಗಾಲಾಮ್ಲವು ಸೇರಿ ನೀರು ಸ್ವಲ್ಪ ಹುಳಿಯಾಗಿರುವುದು. ಆ ಹುಳಿಯು ಅಮೋನಿಯದ ವಿಷವನ್ನು ಅಡಗಿಸಿಟ್ಟಿರುವುದು. ಬಾಯಿ ಬಿಚ್ಚಿದೊಡನೆ ಇಂಗಾಲಾಮ್ಲವು ಹಾರಿಹೋಗಿ ಹುಳಿ ಕಡಮೆಯಾಗುವುದರಿಂದ ಅಡಗಿದ್ದ ವಿಷವು ತಲೆಯೆತ್ತುವುದು. ಆದಕಾರಣ ತೇಲಿಸುವುದನ್ನು ಬಾಯಿ ಬಿಚ್ಚುವ ಮೊದಲೇ ಮುಗಿಸಬೇಕು. ಬಿಚ್ಚಿದ ಮೇಲೆ ನಿಧಾನವಾಗಿಯಾದರೂ ನಿಲ್ಲಿಸದೆ ನೀರು ಬೆರೆಸಿ ಮರಿಗಳನ್ನು ಬಿಟ್ಟುಬಿಡಬೇಕು.

೫. ಗಾಳಿಯನ್ನು ಉಸಿರಾಡುವ ಮೀನಿನಿಂದ ಮೋಸ ಹೋಗಬಾರದು

ಕೊರವ ಮೀನನ್ನು ಗಡಿಗೆಯಲ್ಲಿ ಹಾಕಿ ಸಂತೆಗೆ ಒಯ್ದರೂ ಅದು ಸಾಯುವುದಿಲ್ಲ. ಕೆರೆ ಬತ್ತಿ ಕೆಸರಾದಾಗಲೂ ಕೆಲವು ಕಾಲ ಬದುಕುವುದು. ಇದನ್ನು ಕಂಡವರು ಮೀನೆಂಬುದೆಲ್ಲ ಹೀಗೆಯೇ ಗಟ್ಟಿಯೆಂದು ಭಾವಿಸುವರು. ಕೊರವನ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ, ಗಾಳಿಯನ್ನು ನೇರವಾಗಿ ಉಸಿರಾಡುವ ವಿಶೇಷವಾದ ಅಂಗವಿದೆ. ಅದು ಆಗಾಗ್ಗೆ ನೀರಿನ ಮೇಲೆ ಬಂದು ಗಾಳಿಯನ್ನು ನುಂಗಿಹೋಗುವುದು. ಗೆಂಡೆಗಳಿಗೆ ಈ ಅನುಕೂಲವಿಲ್ಲ. ನೀರಿನಲ್ಲಿ ಕರಗಿದ ಪ್ರಾಣವಾಯುವೇ ಅವುಗಳಿಗೆ ಆಧಾರ.

ಪಟ್ಟಣದ ಮನೆಗಳಲ್ಲಿ ಮಕ್ಕಳು ಸಾಕುವ ಸಯಾಮ್ ದೇಶದ ಕಾಳಗದ ಮೀನು ಕೂಡ ಗಾಳಿಯನ್ನು ಉಸಿರಾಡುವ ಗುಂಪಿಗೇ ಸೇರಿದುದು. ಸಯಾಮಿಗೆ ಈಗ ಥಾಯ್ಲೆಂಡ್ ಎಂದು ಹೆಸರು. ಆ ದೇಶವು ೨೦೧೯ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಅಂಗಡಿಯವರು ಇದಕ್ಕೆ ಬೆಟ್ಟಾ ಎಂದೂ ಫೈಟರ್ ಎಂದೂ ಹೇಳುವರು. ಸೀಸೆಯಲ್ಲಿ ಜೀವ ಹಿಡಿದಿರುವುದನ್ನು ಕಂಡು ಅದಕ್ಕೆ ಸೀಸೆಯೇ ಸಾಕೆನ್ನುವುದು ಸರಿಯಲ್ಲ. ಬದುಕಿರುವುದು ಬೇರೆ, ಸುಖವಾಗಿರುವುದು ಬೇರೆ. ಹದಿನೈದಿಪ್ಪತ್ತು ಲೀಟರು ಹಿಡಿಯುವ ಗಾಜಿನ ತೊಟ್ಟಿಯಾದರೂ ಅದಕ್ಕೆ ಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಮೇಲೆ ಹೇಳಿದಂತೆ ತೇಲಿಸಿ ಬೆರೆಸಿ ಮೀನನ್ನು ಬಿಡಬೇಕು. ಎರಡು ಗಂಡುಗಳನ್ನು ಒಂದೆಡೆ ಬಿಟ್ಟರೆ ಕಾದಾಡಿ ಹರಿದುಕೊಳ್ಳುವುವು. ನೀಳವಾದ ಬಣ್ಣದ ಬಾಲವುಳ್ಳ ಬೇರೆ ಜಾತಿಯ ಮೀನನ್ನೂ ಗಂಡು ಬೆಟ್ಟಾ ತನ್ನ ಎದುರಾಳಿಯೆಂದು ತಿಳಿದು ಕಚ್ಚಬಹುದು. ಗಾಜಿನ ತೊಟ್ಟಿಯಲ್ಲಿ ಮೀನಿನ ಸ್ವಭಾವವನ್ನು ನೋಡಿ ಜೊತೆಗಾರರನ್ನು ಆರಿಸುವಂತೆ, ಕೆರೆಯಲ್ಲಿ ಅದರ ಬಾಯಿಯನ್ನೂ ಊಟವನ್ನೂ ನೋಡಿ ಆರಿಸಬೇಕು.

೬. ಒಡನಾಡಿಗಳ ಆಯ್ಕೆ

ಕೆರೆಯ ನೀರನ್ನು ಮೂರು ಅಂತಸ್ತಿನ ಮನೆಯೆಂದು ಭಾವಿಸಬಹುದು. ಮೇಲಿನ ಅಂತಸ್ತಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಸಸ್ಯಗಳೂ ಹುಳುಗಳೂ ತೇಲುತ್ತಿರುವುವು. ನಡುವೆ ಗಿಡಗಳ ಕಾಂಡಗಳಿಗೆ ಅಂಟಿದ ಪಾಚಿಯೂ ಕೊಳೆಯುತ್ತಿರುವ ಎಲೆಗಳೂ ಇರುವುವು. ತಳದ ಕೆಸರಿನಲ್ಲಿ ಹುಳು, ಬಸವನಹುಳು, ಕೊಳೆತ ಪದಾರ್ಥಗಳು ಇರುವುವು. ಒಂದೇ ಜಾತಿಯ ಮೀನನ್ನು ತುಂಬಿದರೆ ಒಂದು ಅಂತಸ್ತಿನಲ್ಲಿ ನೂಕುನುಗ್ಗಲಾಗಿ ಉಳಿದೆರಡು ಅಂತಸ್ತುಗಳ ಆಹಾರವು ವ್ಯರ್ಥವಾಗುವುದು.

ಕಾಟ್ಲಾದ ಬಾಯಿ ಮೇಲ್ಮುಖವಾಗಿರುವುದರಿಂದ ಅದು ಮೇಲ್ನೀರಿನಲ್ಲಿ ಮೇಯುವುದು. ರೋಹು ನಡುನೀರಿನ ಮೀನು. ಮೃಗಾಲ್ ತಳದಲ್ಲಿ ಮೇಯುವುದು. ಈ ಮೂರೂ ಒಂದರ ತಟ್ಟೆಗೆ ಇನ್ನೊಂದು ಹೆಚ್ಚಾಗಿ ಕೈಹಾಕುವುದಿಲ್ಲ. ಮೃಗಾಲ್‌ಗೆ ಬದಲಾಗಿ ಸಾಮಾನ್ಯ ಗೆಂಡೆಯನ್ನೂ ಬಿಡುವುದುಂಟು. ೧೯೩೯ರಲ್ಲಿ ನೀಲಗಿರಿಗೆ ತರಲ್ಪಟ್ಟ ಈ ಮೀನು ಕೆಸರನ್ನು ಕೆದಕಿ ತಿನ್ನುವುದು, ಬೇಗನೆ ಬೆಳೆಯುವುದು. ಕೆರೆಯ ಗಿಡಗಳ ಮೇಲೆ ಮೊಟ್ಟೆಯಂಟಿಸಿ ನಿಂತ ನೀರಿನಲ್ಲಿಯೇ ಮರಿಮಾಡುವುದು. ಆದರೆ ಇದರ ಸಂಖ್ಯೆಯು ಮಿತಿಮೀರಿದರೆ ನೀರು ಸದಾ ಕದಡಿರುವುದು.

ಜೊಂಡೂ ನೀರುಗಿಡವೂ ಹೆಚ್ಚಾಗಿರುವ ನೀರಿಗೆ ಹುಲ್ಲು ಗೆಂಡೆಯನ್ನು ಕೆಲವೇ ಸಂಖ್ಯೆಯಲ್ಲಿ ಸೇರಿಸಬಹುದು. ಅದು ದಿನವೊಂದಕ್ಕೆ ತನ್ನ ತೂಕದಷ್ಟು ಹಸುರನ್ನು ತಿನ್ನಬಲ್ಲುದು. ಅದರ ಮಲವೇ ನೀರಿಗೆ ಗೊಬ್ಬರವಾಗುವುದು. ಹುಲ್ಲು ಗೆಂಡೆಯೊಡನೆ ೧೯೫೯ರಲ್ಲಿ ಭಾರತಕ್ಕೆ ಬಂದ ಬೆಳ್ಳಿ ಗೆಂಡೆಯ ವಿಚಾರದಲ್ಲಿ ಮಾತ್ರ ಎಚ್ಚರಿಕೆ ಬೇಕು. ಅದೂ ಮೇಲ್ನೀರಿನಲ್ಲಿಯೇ ಮೇಯುವುದರಿಂದ ಕಾಟ್ಲಾದ ಊಟಕ್ಕೆ ಪಾಲುದಾರನಾಗುವುದು. ಹಿಮಾಚಲ ಪ್ರದೇಶದ ಗೋವಿಂದಸಾಗರ ಜಲಾಶಯಕ್ಕೆ ೧೯೭೧ರಲ್ಲಿ ಆಕಸ್ಮಿಕವಾಗಿ ಸೇರಿದ ಬೆಳ್ಳಿ ಗೆಂಡೆಯು ಕ್ರಮೇಣ ಕಾಟ್ಲಾದ ಸ್ಥಾನವನ್ನು ಆಕ್ರಮಿಸಿಕೊಂಡಿತು. ಕಾಟ್ಲಾಕ್ಕೆ ಒಳ್ಳೆಯ ಬೆಲೆಯಿರುವ ನಮ್ಮ ಸೀಮೆಯಲ್ಲಿ ಈ ಪಾಠವನ್ನು ಮರೆಯಬಾರದು.

೭. ಕೂಡದ ಒಡನಾಟ

ಕೊರವ, ಬಾಳೆ ಮೊದಲಾದುವು ಬೇರೆ ಮೀನುಗಳನ್ನು ತಿಂದು ಬದುಕುವುವು. ಅವು ಒಳ್ಳೆಯ ಬೆಲೆಗೆ ಮಾರಾಟವಾಗುವುದು ನಿಜ. ಆದರೆ ಗೆಂಡೆಮರಿಗಳೊಡನೆ ಅವನ್ನಿಡುವುದು ಕೋಳಿಮರಿಗಳ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟಂತೆ. ಸ್ವಂತ ಕೊಳವಾದರೆ ನೀರು ಬತ್ತಿಸಿ ಅವನ್ನು ಹಿಡಿದುಹಾಕುವುದು ಉತ್ತಮ. ಬತ್ತಿಸಲಾಗದಿದ್ದರೆ ಒಂದು ಘನ ಮೀಟರು ನೀರಿಗೆ ಸುಮಾರು ೨೫೦ ಗ್ರಾಮಿನಂತೆ ಹಿಪ್ಪೆ ಹಿಂಡಿಯನ್ನು ನೆನೆಸಿ ಹರಡಿದರೆ ಬೇಡದ ಮೀನುಗಳು ಸಾಯುವುವು. ಅದರ ವಿಷವು ಎರಡು ಮೂರು ವಾರಗಳಲ್ಲಿ ಇಳಿದು, ಬಳಿಕ ಹಿಂಡಿಯೇ ಗೊಬ್ಬರವಾಗುವುದು. ಹೊಸ ಮರಿಗಳನ್ನು ಬಿಡುವ ಮೊದಲು ನಾಲ್ಕಾರು ಮರಿಗಳನ್ನು ಬಟ್ಟೆಬಲೆಯಲ್ಲಿ ಒಂದು ದಿನ ಇರಿಸಿ ಪರೀಕ್ಷಿಸಬೇಕು. ಜನರೂ ದನಕರುಗಳೂ ಬಳಸುವ ಊರ ಕೆರೆಯಲ್ಲಿ ಈ ಕ್ರಮವನ್ನು ಅನುಸರಿಸಕೂಡದು. ಅಲ್ಲಿ ಹತ್ತು ಸೆಂಟಿಮೀಟರಿಗೆ ಕಡಮೆಯಿಲ್ಲದ ಮರಿಗಳನ್ನು ಬಿಡುವುದೇ ರಕ್ಷೆ.

೧೯೫೨ರಲ್ಲಿ ಭಾರತಕ್ಕೆ ಬಂದ ತಿಲಾಪಿಯ ಮೀನು, ಅಂದರೆ ಜನರು ಹೇಳುವ ಜಿಲೇಬಿ, ಇನ್ನೊಂದು ಬಗೆಯ ಕೆಟ್ಟ ನೆರೆ. ಅದು ಗೆಂಡೆಗಳನ್ನು ಬೇಟೆಯಾಡದು. ಆದರೆ ಎಳೆಯ ವಯಸ್ಸಿನಲ್ಲಿಯೇ ಮರಿಹಾಕುತ್ತ ಕೆರೆಯನ್ನೆಲ್ಲ ತುಂಬಿ, ಬಿತ್ತಿದ ಮೀನಿನ ಊಟವನ್ನು ತಾನು ತಿಂದು, ತಾನೂ ಬೆಳೆಯದೆ ಅಂಗೈಯಗಲ ಉಳಿಯುವುದು.

ಎಲ್ಲಕ್ಕಿಂತ ಹೆಚ್ಚಿನ ಅಪಾಯವು ಆಫ್ರಿಕದ ಕ್ಯಾಟ್‌ಫಿಶ್‌ನಿಂದ. ಭಾರತ ಸರ್ಕಾರವು ೨೦೦೦ದಲ್ಲಿಯೇ ಇದರ ಸಾಕಣೆಯನ್ನು ನಿಷೇಧಿಸಿದೆ. ಎಂಥ ಕೊಳಕು ನೀರಿನಲ್ಲಿಯೂ ಬೆಳೆಯುವ, ಸಿಕ್ಕಿದ್ದನ್ನೆಲ್ಲ ನುಂಗುವ ಈ ಮೀನು ಬೇಗನೆ ಹಣ ತರುವುದೆಂದು ಆಸೆ ತೋರಿಸುವವರಿದ್ದಾರೆ. ಗುಬ್ಬಿಯ ಒಂದು ಹೊಂಡದಲ್ಲಿ ಬಿಟ್ಟದ್ದು ಅಲ್ಲಿಯೇ ನಿಲ್ಲುವುದಿಲ್ಲ. ಮಳೆ ಹೆಚ್ಚಾಗಿ ಕೆರೆ ಕೋಡಿ ಹರಿದಾಗ ಹಳ್ಳಕ್ಕೂ, ಹಳ್ಳದಿಂದ ಶಿಂಷಾ ನದಿಗೂ, ನದಿಯಿಂದ ಮಾರ್ಕೋನಹಳ್ಳಿಗೂ ಸೇರಿ ಕುಣಿಗಲ್ಲಿನ ರೈತನ ಮೀನನ್ನೂ, ಹೊಳೆಯಲ್ಲಿ ಹಿಂದಿನಿಂದ ಇದ್ದ ನಾಡಮೀನುಗಳನ್ನೂ ತಿಂದುಹಾಕುವುದು. ಒಮ್ಮೆ ನದಿಗೆ ಸೇರಿದ ಮೀನನ್ನು ಯಾವ ಬಲೆಯೂ ಹಿಂದಕ್ಕೆ ತರಲಾರದು.

೮. ಒಂದು ಲೆಕ್ಕ

ಗುಬ್ಬಿ ತಾಲ್ಲೂಕಿನ ರೈತನೊಬ್ಬನ ಕೃಷಿ ಹೊಂಡವು ೨೧ ಮೀಟರು ಉದ್ದ, ೨೧ ಮೀಟರು ಅಗಲ, ೩ ಮೀಟರು ಆಳವಿದೆಯೆಂದು ಭಾವಿಸಿದರೆ, ನೀರಿನ ಮೇಲ್ಮೈಯು ೪೪೧ ಚದರ ಮೀಟರು ಆಗುವುದು. ಆಹಾರ ಕೊಟ್ಟು ಸಾಕುವ ಕೊಳದಲ್ಲಿ ಒಂದು ಹೆಕ್ಟೇರಿಗೆ ೫,೦೦೦ ಮರಿಗಳೆಂಬುದು ವಾಡಿಕೆಯ ಪ್ರಮಾಣ. ಆ ಪ್ರಕಾರ ಈ ಹೊಂಡಕ್ಕೆ ೨೨೦ ಮರಿಗಳು ಸಾಕು. ನೂರರಲ್ಲಿ ೪೦ರಂತೆ ಕಾಟ್ಲಾ ೮೮, ನೂರರಲ್ಲಿ ೩೦ರಂತೆ ರೋಹು ೬೬, ಸಾಮಾನ್ಯ ಗೆಂಡೆ ೬೬.

ಸಾವಿರ ಬಿಟ್ಟರೆ ಹೆಚ್ಚು ಲಾಭವೆಂದು ತೋರುವುದು ಸಹಜ. ಆದರೆ ತೋಟಕ್ಕೆ ನೀರೆತ್ತುತ್ತ ಬಂದಂತೆ ಹೊಂಡದ ನೀರು ಇಳಿಯುವುದು. ಮೀನುಗಳು ಬೆಳೆಯುತ್ತ ಹೋಗುವುವು. ಒಂದು ಕಡೆ ನೀರು ಕಡಮೆಯಾಗಿ ಇನ್ನೊಂದು ಕಡೆ ಉಸಿರಾಡುವ ಮೈಗಳು ದೊಡ್ಡದಾದಾಗ, ಮೋಡ ಮುಚ್ಚಿದ ಒಂದು ರಾತ್ರಿಯಲ್ಲಿ ಪ್ರಾಣವಾಯು ಸಾಲದೆ ಬೆಳಗಾಗುವಷ್ಟರಲ್ಲಿ ಎಲ್ಲವೂ ಬೆಳ್ಳಗೆ ತೇಲುವ ಸಂಭವವಿದೆ. ನೀರು ಅರ್ಧಕ್ಕೆ ಇಳಿಯುವ ಮುನ್ನವೇ ದೊಡ್ಡ ಮೀನುಗಳನ್ನು ಹಿಡಿದು ಮಾರುತ್ತ ಬರುವುದು ಜಾಣತನ.

ಹಾಳೆ ಹಾಸಿದ ಹೊಂಡದಲ್ಲಿ ಕೆಸರಿಲ್ಲದಿರುವುದರಿಂದ ತಳದ ಆಹಾರವು ಬಹು ಕಡಮೆ. ಅಲ್ಲಿ ಕೈಯಿಂದ ಹಾಕುವ ಆಹಾರವೇ ಮುಖ್ಯ. ಕಡಲೆಕಾಯಿ ಹಿಂಡಿಯನ್ನೂ ಅಕ್ಕಿಯ ತೌಡನ್ನೂ ಸಮನಾಗಿ ಬೆರೆಸಿ ನೆನೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ ಎರಡರಂತೆ ದಿನವೂ ಒಂದೇ ಹೊತ್ತಿಗೆ ಒಂದೇ ಸ್ಥಳದಲ್ಲಿ ಕೊಡಬೇಕು. ೨೨೦ ಮೀನುಗಳು ಸರಾಸರಿ ೧೦೦ ಗ್ರಾಮಿಗೆ ಬಂದಾಗ ಒಟ್ಟು ತೂಕ ೨೨ ಕಿಲೋಗ್ರಾಂ. ಅಂದಿನ ಆಹಾರ ಸುಮಾರು ೪೪೦ ಗ್ರಾಂ. ತಿನ್ನದೆ ಉಳಿದ ಆಹಾರವು ಕೊಳೆತು ನೀರನ್ನು ಕೆಡಿಸುವುದರಿಂದ ಹೆಚ್ಚು ಹಾಕುವುದು ಪ್ರೀತಿಯಲ್ಲ.

೯. ಬಿಟ್ಟ ಮೇಲಿನ ಕಾವಲು

ಮೊದಲ ವಾರವೆಲ್ಲ ಬೆಳಗಿನ ಜಾವ ಏರಿಯ ಮೇಲೆ ನಿಂತು ನೋಡಬೇಕು. ರಾತ್ರಿ ಪಾಚಿಯೂ ಮೀನೂ ಪ್ರಾಣವಾಯುವನ್ನು ಬಳಸುವುದರಿಂದ ಆ ಹೊತ್ತಿನಲ್ಲಿ ಅದು ಅತ್ಯಂತ ಕಡಮೆಯಿರುವುದು. ಮೀನುಗಳು ಬಾಯಿ ತೆರೆದು ಮೇಲೆ ತೇಲುತ್ತಿದ್ದರೆ ಅದು ಹಸಿವಿನ ಗುರುತಲ್ಲ, ಉಸಿರಿನ ಮೊರೆ. ಆಗ ಆಹಾರವನ್ನೂ ಗೊಬ್ಬರವನ್ನೂ ನಿಲ್ಲಿಸಿ, ಹೊಸ ನೀರನ್ನು ಬಿಡಬೇಕು. ಅದಿಲ್ಲದಿದ್ದರೆ ಪಂಪಿನಿಂದ ಅದೇ ನೀರನ್ನೆತ್ತಿ ಎತ್ತರದಿಂದ ಬೀಳುವಂತೆ ಮಾಡಬೇಕು. ನಾಲೆಯ ನೀರು ಒಳಬರುವ ಬಾಯಿಗೂ ನೀರು ಹೊರಹೋಗುವ ತೂಬಿಗೂ ಕೋಡಿಗೂ ತಂತಿಯ ಜಾಲರಿಯನ್ನು ಕಟ್ಟಬೇಕು. ಒಳಬರುವ ನೀರಿನಲ್ಲಿ ಬೇಟೆಮೀನಿನ ಮರಿಗಳು ಬರುವುದೂ, ಹೊರಹೋಗುವ ನೀರಿನಲ್ಲಿ ಸಾಕಿದ ಮೀನು ಹೋಗುವುದೂ ಇದರಿಂದ ತಪ್ಪುವುದು. ಕೋಡಿಯ ಜಾಲರಿಗೆ ಕಸ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಒತ್ತುವುದರಿಂದ ಮಳೆಯ ದಿನಗಳಲ್ಲಿ ಅದನ್ನು ಬಿಡಿಸುತ್ತಿರಬೇಕು.

ಪಾಠದ ಸಾರಾಂಶ

(೧) ನೀರಿನ ಆಯುಸ್ಸನ್ನು ತಿಳಿದು ಮರಿಯ ಗಾತ್ರವನ್ನು ಗೊತ್ತುಮಾಡಬೇಕು.
(೨) ಹೊಟ್ಟೆ ಬರಿದುಮಾಡಿದ ಮರಿಯನ್ನೇ ತಂಪು ಹೊತ್ತಿನಲ್ಲಿ ಸಾಗಿಸಬೇಕು.
(೩) ಮೊದಲು ತೇಲಿಸಿ, ಆಮೇಲೆ ಬಿಚ್ಚಿ, ನಿಲ್ಲಿಸದೆ ಬೆರೆಸಿ ಬಿಡಬೇಕು.
(೪) ಮೇಲೆ, ನಡುವೆ, ತಳದಲ್ಲಿ ಮೇಯುವ ಮೀನುಗಳನ್ನು ಲೆಕ್ಕವಾಗಿ ಕೂಡಿಸಬೇಕು.
(೫) ಮೀನನ್ನು ತಿನ್ನುವ ಮೀನನ್ನೂ, ಮಿತಿಮೀರಿ ಹೆಚ್ಚುವ ಮೀನನ್ನೂ, ನಿಷೇಧಿತವಾದ ಮೀನನ್ನೂ ಸೇರಿಸಕೂಡದು.
(೬) ಮೊದಲ ವಾರದ ಬೆಳಗಿನ ಜಾವಗಳನ್ನು ನೀರಿನ ದಡದಲ್ಲಿ ಕಳೆಯಬೇಕು.

ಚೀಲವನ್ನು ತೇಲಿಸಿ ಕಾಯುವ ಇಪ್ಪತ್ತು ನಿಮಿಷಗಳಿಗೆ ಯಾವ ಖರ್ಚೂ ಇಲ್ಲ. ಅಷ್ಟು ತಾಳ್ಮೆಯಿರುವವನು ವರ್ಷದ ಕೊನೆಯಲ್ಲಿ ಬಲೆಯನ್ನೆಳೆಯುವಾಗ ಅದರ ಭಾರದಿಂದಲೇ ತನ್ನ ಪ್ರತಿಫಲವನ್ನು ತಿಳಿಯುವನು.